ಹೆಬ್ಬೆರಳಿನ ರೂಢಿ

ಮರಿವಿಕ್ ಕೆಲಸ ಬಿಟ್ಟು ಸೆಬುಗೆ ಹೊರಟಾಗ
ಅವಳ ಆಪಲ್ ಫೋನನ್ನು ನಾನು ಕೊಂಡೆ,
ಆರುನೂರು ದಿರ್ಹಮ್, ಮೂರು ಕಂತು,
ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು.
"ಇದನ್ನು ಒತ್ತಬೇಡ ಜಲಜಾ, ಮೆಲ್ಲಗೆ ಸವರು"
ಎಂದಳು, ಬೆಕ್ಕಿನ ಮರಿ ಒಪ್ಪಿಸುವವಳಂತೆ.

ಶಾರ್ಜಾದ ರೋಲಾ. ಎಂದೋ ಬಿದ್ದ ಆಲದ ಹೆಸರು ಹೊತ್ತ ಚೌಕದ ಹಿಂದೆ
ಎರಡನೇ ಮಾಳಿಗೆ, ಕಪ್ಪು ಗಾಜಿನ ಬಾಗಿಲು, ಗಂಡಸರಿಗೆ ಪ್ರವೇಶವಿಲ್ಲ.
ಹನ್ನೊಂದು ವರ್ಷದಿಂದ ಇಲ್ಲಿ ಹುಬ್ಬು ತೀಡುತ್ತೇನೆ.
ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಬೆರಳ ಲೆಕ್ಕ.
ಲೆಬನಾನಿನ ಹುಬ್ಬು, ಸುಡಾನಿನ ಹುಬ್ಬು, ಮಂಜೇಶ್ವರದ ಹುಬ್ಬು,
ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು.
ಅಂಥ ಬೆರಳು ಈ ಗಾಜಿನ ಮೇಲೆ ದಡ್ಡಿಯಾಯಿತು.

ಹಿಂದೆ ಹೋಗುವ ಬಾಣವೇ ಇಲ್ಲ ಇದರಲ್ಲಿ.
ಹಳೆಯದರಲ್ಲಿ ಕೆಳಗೆ, ಬಲಕ್ಕೆ ಇತ್ತು, ಬಾಗಿಲ ಚಿಲಕದಂತೆ.
ಹೆಬ್ಬೆರಳು ಈಗಲೂ ಅಲ್ಲೇ ಹೋಗಿ ತಡಕುತ್ತದೆ,
ಸ್ವಿಚ್ಚು ಬೇರೆ ಗೋಡೆಗಿರುವ ಹೊಸ ಕೋಣೆಯಲ್ಲಿ
ನಡುರಾತ್ರಿ ಎದ್ದವಳ ಕೈಯಂತೆ.
"ಅಂಚಿನಿಂದ ಒಳಗೆ ಎಳೆಯಿರಿ" ಎಂದು ತೋರಿಸಿದ ಮೊಬೈಲ್ ಅಂಗಡಿಯ ಹುಡುಗ.
ಎಳೆದರೆ ಒಮ್ಮೆ ಹಿಂದೆ, ಒಮ್ಮೆ ಇನ್ನೆಲ್ಲಿಗೋ.
ಚಾರ್ಜರಿನ ಮೂತಿ ಬೇರೆ. ಅಲಾರಮ್ಮಿನ ಸದ್ದು ಆಸ್ಪತ್ರೆಯದು.
ಕೌಂಟರಿನ ಮೇಲೆ ಅದನ್ನು ಕಂಡ ಗಿರಾಕಿಗಳು
"ಓಹೋ, ನೀನೂ!" ಎಂದು ನಕ್ಕರು,
ಆ ವಾರ ಟಿಪ್ಸ್ ಕಡಿಮೆಯಾಯಿತು.

ಅದೇ ಹುಡುಗ ಎರಡನ್ನೂ ಒತ್ತೊತ್ತಾಗಿ ಮಲಗಿಸಿ
ಪಟ ಸಾಗಿಸಿದ್ದ, ನಂಬರು ಸಾಗಿಸಿದ್ದ.
"ಎಲ್ಲ ಬಂತು ಅಕ್ಕ."
ಬಂದಿರಲಿಲ್ಲ.

ಹಳೆಯದಕ್ಕೆ ನನ್ನ ಮಾತು ಬಾಯಿಪಾಠ.
'ದು' ಒತ್ತಿದರೆ 'ದುಡ್ಡು',
'ದುಡ್ಡು' ಮುಟ್ಟಿದರೆ 'ಹಾಕಿದ್ದೇನೆ',
ಅದರ ಬೆನ್ನಿಗೇ 'ನೋಡಿಕೋ'.
'ಮುಂದಿನ' ಎಂದರೆ 'ವರ್ಷ', 'ವರ್ಷ' ಎಂದರೆ 'ಬರುತ್ತೇನೆ',
'ಊಟ' ಎಂದರೆ 'ಆಯ್ತು'. ಆಗದಿದ್ದರೂ 'ಆಯ್ತು'.
ಒಬ್ಬ ಗಿರಾಕಿ ಎದ್ದು ಇನ್ನೊಬ್ಬಳು ಒರಗುವಷ್ಟರಲ್ಲಿ
ಊರಿಗೆ ಕಾಗದ ಮುಗಿದಿರುತ್ತಿತ್ತು.
ಎಷ್ಟೋ ಸಲ ಬರೆದದ್ದು ನಾನೋ, ಅದೋ.

ಹೊಸದಕ್ಕೆ ನನ್ನ ಪರಿಚಯವಿಲ್ಲ.
ಅಕ್ಷರಗಳ ಮನೆಯೂ ಅದಲುಬದಲು,
'ಕ್ಷ' ಎಲ್ಲಿ, 'ಜ್ಞ' ಎಲ್ಲಿ, ಒತ್ತು ಕೊಡುವುದು ಹೇಗೆ,
ಸ್ಲೇಟು ಹಿಡಿದವಳ ಹಾಗೆ ಒಂದೊಂದನ್ನೇ ಕೂಡಿಸುತ್ತೇನೆ.

ಶುಕ್ರವಾರ. ಮಧ್ಯಾಹ್ನದ ಬಾಂಗು ಮುಗಿದಿತ್ತು, ಸಲೂನಿನ ತೆರೆ ಎಳೆದಿತ್ತು.
ತಮ್ಮ ಚಂದ್ರಹಾಸ ಬರೆದಿದ್ದ:
"ಅಕ್ಕಾ, ಕಾರಿಗೆ ಮುಂಗಡ ಕಟ್ಟಬೇಕು, ಸೋಮವಾರದೊಳಗೆ."
'ದು'.
'ದುಡ್ಡು'.
ಮೇಲೆ ಬೂದು ಪಟ್ಟಿ ಖಾಲಿ.
ಏನೂ ಹೇಳಿಕೊಡಲಿಲ್ಲ ಅದು. ಕಾಯಿತು.
ನಾನೂ ಕಾದೆ.
'ಹಾ' ಒತ್ತಿ, ಅಳಿಸಿದೆ.
'ಇ'. 'ಲ'. ಲಕ್ಕೆ ಒತ್ತು ಹುಡುಕಲು ಹೊತ್ತು ಹಿಡಿಯಿತು,
ಅಷ್ಟು ಹೊತ್ತಿನಲ್ಲಿ ಮನಸ್ಸು ಬದಲಿಸಬಹುದಿತ್ತು.
ದುಡ್ಡು ಇಲ್ಲ ಚಂದ್ರ.
ಕಳಿಸಿದ್ದೇ ಸರಿ, ಹೆಬ್ಬೆರಳು ಓಡಿತು
ಇಲ್ಲದ ಆ ಬಾಣದ ಕಡೆಗೆ.

ಎರಡು ನೀಲಿ ಗೆರೆ. ಆಮೇಲೆ ಮೂರು ದಿನ ಏನಿಲ್ಲ.
ನಾಲ್ಕನೆಯ ದಿನ ಒಂದು ಗುಡ್ ಮಾರ್ನಿಂಗ್, ಗುಲಾಬಿ ಸಮೇತ.

ಈಗ 'ದುಡ್ಡು' ಎಂದೊಡನೆ 'ಇಲ್ಲ' ಎನ್ನಲು ಇದೂ ಕಲಿತಿದೆ.
ಅದೂ ಒಂದು ಹೆದರಿಕೆಯೇ.

ಹಳೆಯದನ್ನು ನೀಲವ್ವನಿಗೆ ಕೊಟ್ಟೆ,
ಸವದತ್ತಿ ಕಡೆಯ ಹುಡುಗಿ, ನೆಲದ ಮೇಲಿನ ಕೂದಲು ಗುಡಿಸಲು ಬಂದವಳು.
ಅಳಿಸಿ ಕೊಡಬೇಕಿತ್ತು, ಮರೆತೆ.
ರಾತ್ರಿ ಮೇಲಿನ ಬಂಕಿನಲ್ಲಿ ಕೂತು ಅವ್ವನಿಗೆ ಬರೆಯುತ್ತಿದ್ದವಳು
ಇದ್ದಕ್ಕಿದ್ದಂತೆ ನಕ್ಕಳು.
"ಅಕ್ಕಾರ, ಇಲ್ಲಿ ನೋಡ್ರಿ,
ರೊಕ್ಕ ಅಂದ್ರ ಇದಕ್ಕ ತಿಳಿವಲ್ದು,
'ಮುಂದಿನ' ಅಂತ ಬರದ್ರ 'ವರ್ಷ ಬರುತ್ತೇನೆ' ಅಂತೈತಿ.
ನಾ ಬಂದು ಇನ್ನಾ ಒಂಬತ್ ದಿನಾ ಆಗೇತ್ರಿ."