ತೊಂಬತ್ತು ಮೀಟರು

ಅಮಾಸೆಯ ಭರತಿ ಏರುವಾಗ
ಕೋಡಿಬಾಗದ ಕೆಳಗಿನ ಓಣಿಯಲ್ಲಿ
ಮುಚ್ಚಳಗಳು ಮೊದಲು ಗುನುಗುತ್ತವೆ,
ಆಮೇಲೆ ಏಳುತ್ತವೆ,
ಕುದಿವ ಅನ್ನದ ಮೇಲಿನ ತಟ್ಟೆ ಹಾಗೆ.
ಊರು ಇಳಿಸಿದ್ದನ್ನು ಕಡಲು ಒಲ್ಲೆನ್ನುತ್ತದೆ.

ಬೆಳಿಗ್ಗೆ ನಾನು,
ನಗರಸಭೆಯ ಲೆಕ್ಕಶಾಖೆಯ ಎರಡನೇ ಮೇಜು,
ಅದನ್ನೇ ಅಂಕಿಯಲ್ಲಿ ಬರೆಯುತ್ತೇನೆ:
ಹಳೇ ಮಣ್ಣಿನ ಕೊಳವೆ, ಹನ್ನೊಂದು ಕಿಲೋಮೀಟರು.
ಬದಲಿಸಲು ಅಂದಾಜು ನಲವತ್ತೆರಡು ಕೋಟಿ.
ಸರ್ಕಾರ ಕೊಟ್ಟರೆ ಕೊಟ್ಟೀತು ಮುಕ್ಕಾಲು,
ಉಳಿದ ಕಾಲು ನಮ್ಮದು.
ನಮ್ಮಲ್ಲಿರುವುದು
ಮೀನುಪೇಟೆಯ ಕಟ್ಟೆ ಬಾಡಿಗೆ,
ವಸೂಲಾಗದ ಮನೆ ತೆರಿಗೆ,
ಕೆಟ್ಟು ನಿಂತ ಒಂದು ಜೆಟ್ಟಿಂಗ್ ಯಂತ್ರ,
ಅದರ ಸೀಟಿನಲ್ಲಿ ಮರಿ ಹಾಕಿದ ಬೆಕ್ಕು.

ಅರ್ಜಿ ಮೂವತ್ತಾರು ಪುಟ.
ಬಿಟ್ಟ ಸ್ಥಳ ಭರ್ತಿ ಮಾಡಿ, ಅನ್ನುತ್ತದೆ.
ಭರತಿಗೆ ಯಾರೂ ಹೇಳಬೇಕಿಲ್ಲ,
ಬಿಟ್ಟ ಸ್ಥಳವೆಲ್ಲ ಅದೇ ತುಂಬುತ್ತದೆ.

ನಕಾಶೆ ಲಗತ್ತಿಸಿ.
ನಕಾಶೆ ಗೆದ್ದಲಿನ ಪಾಲಾಗಿ ಎಷ್ಟೋ ಕಾಲ.
ಇನ್ನೊಂದು ಪ್ರತಿ ಇರುವುದು ಶಾಣು ಮೇಸ್ತ್ರಿಯ ಅಂಗಾಲಲ್ಲಿ.
ಮೂವತ್ತೊಂದು ವರ್ಷ ದಿನಗೂಲಿ, ಪಿಂಚಣಿ ಇಲ್ಲ.
ಕರೆದರೆ ಬಂದ. ಚಪ್ಪಲಿ ಕಳಚಿ
ಡಾಂಬರಿನ ಮೇಲೆ ನಡೆದ:
“ಇಲ್ಲಿ ತಿರುವು.
ಇಲ್ಲಿ ಮಾವಿನ ಬೇರು ಹೊಕ್ಕಿದೆ.
ಇಲ್ಲಿ ನಮ್ಮ ದತ್ತು ಇಳಿದಿದ್ದ.
ಹಗ್ಗ ಎಳೆದೆವು, ಹಗ್ಗ ಮಾತ್ರ ಬಂತು.”
ಹುಡುಗ ಎಂಜಿನಿಯರ್ ಸುಣ್ಣದಲ್ಲಿ ಗುರುತು ಹಾಕುತ್ತ ಹೋದ,
ತಿರುವಿಗೊಂದು, ಬೇರಿಗೊಂದು,
ದತ್ತುವಿಗೂ ಒಂದು.
ಮೂರೂ ಒಂದೇ ಅಳತೆ.

ಮನೆಗೆ ತಿಂಗಳಿಗೆ ನೂರಾ ನಲವತ್ತು ಕರ
ಎಂಬ ಸೂಚನೆ ಗೋಡೆಗೆ ಹಚ್ಚಿದ ದಿನ
ಮೀನುಬುಟ್ಟಿ ಹೊರಗಿಟ್ಟು ಬಂದಳು ಸುಲೋಚನಿ ತಾಂಡೇಲ.
“ಗುಡ್ಡದ ಮೇಲಿನ ಬಂಗಲೆಗೂ ನೂರಾ ನಲವತ್ತೇ?”
ಹೌದು ಅಂದೆ.
“ಅವರದ್ದು ಇಳಿದು ನನ್ನ ತುಳಸಿಕಟ್ಟೆಗೆ ಬರ್ತದೆ.
ನಂದು ಇಳಿದು ಎಲ್ಲಿಗೆ ಹೋಗ್ತದೆ, ಹೇಳು ಬಾಯಿ?
ನೀರಿಗಿರೋ ಇಳುಕಲು ದುಡ್ಡಿಗೂ ಇರಲಿ.
ಎಷ್ಟು ಎತ್ತರವೋ ಅಷ್ಟು ಕರ.
ಬರಕೋ.”

ಬರೆದುಕೊಂಡೆ, ಪೆನ್ಸಿಲಿನಲ್ಲಿ.
ಸಭೆಯಲ್ಲಿ ಓದಿದಾಗ ಎಲ್ಲ ನಕ್ಕರು,
ಗುಡ್ಡದ ವಾರ್ಡಿನ ಸದಸ್ಯರು ತುಸು ತಡವಾಗಿ.
ವಿಷಯ ಹದಿನೇಳು: ಮುಂದಿನ ಸಭೆಗೆ.
ಮುಂದಿನದರಲ್ಲಿ, ಅದರ ಮುಂದಿನದಕ್ಕೆ.
ನಡುವೆ ಚುನಾವಣೆ, ನಡುವೆ ಮಳೆಗಾಲ,
ನಡುವೆ ಪೇಟೆಯ ಬಾಯಿಗೊಂದು ಕಮಾನು, ಬಣ್ಣದ ದೀಪ.
ಕಮಾನು ಕಾಣುತ್ತದೆ.
ಕೊಳವೆಗೆ ರಿಬ್ಬನ್ನು ಕಟ್ಟುವುದೆಲ್ಲಿ?

ಕೊನೆಗೆ ಬೆಕ್ಕನ್ನು ಇಳಿಸಿ ಯಂತ್ರ ಗುಜರಿಗೆ ಹಾಕಿ,
ಕಟ್ಟೆಗಳ ಹರಾಜು ಮಾಡಿ,
ಅಲ್ಲಿಷ್ಟು ಇಲ್ಲಿಷ್ಟು ತಳ ಕೆರೆದು
ಒಟ್ಟಾದದ್ದು ತೊಂಬತ್ತು ಮೀಟರಿಗೆ ಸಾಕು.
ಸುಲೋಚನಿಯ ಓಣಿ. ಆಚೀಚೆ ಎಂಟು ಮನೆ.

ಹೊಸ ಕೊಳವೆ ಮಿರಮಿರ ಕಪ್ಪು.
ಎರಡೂ ತುದಿಗೆ ಮತ್ತೆ ಹಳೇ ಮಣ್ಣಿನದೇ.
ಕೂಡುಗಂಟಿಗೆ ಸಿಮೆಂಟು ಮೆತ್ತಿ
ಶಾಣು ಹೆಬ್ಬೆರಳಲ್ಲಿ ಸವರಿದ,
ಕೂಸಿನ ನೆತ್ತಿಗೆ ಎಣ್ಣೆ ಒತ್ತಿದಂತೆ.
“ಹೊಸದರ ಚಿಂತೆಯಿಲ್ಲ ಬಾಯೋರೆ.
ಹಳತು ಎಲ್ಲಿ ಒಡೀತದೆ ಅಂತ ನಂಗೆ ಗೊತ್ತು.
ಈ ಗಂಟಿನ ಸ್ವಭಾವ ಮಾತ್ರ ಇನ್ನೂ ಗೊತ್ತಿಲ್ಲ.”

ಮುಂದಿನ ಅಮಾಸೆಗೆ ಹೋಗಿದ್ದೆ.
ಮುಚ್ಚಳದ ಮೇಲೆ ಖಾಲಿ ಕೊಡ ಬೋರಲಿಟ್ಟಿದ್ದಳು ಸುಲೋಚನಿ,
ಅಲುಗಿದರೆ ಕೇಳಲಿ ಎಂದು.
ಜಗಲಿಯಲ್ಲಿ ಕೂತೆವು. ಚಹಾ ಆರಿತು.
ಕಾಳಿಯ ಬಾಯಲ್ಲಿ ನೀರು ಹಿಂದೆ ಹಿಂದೆ ಸರಿದು ಏರಿತು.
ಕೊಡ ಸುಮ್ಮನಿತ್ತು.

ಅಷ್ಟರಲ್ಲಿ ಆಚೆ ಎಲ್ಲೋ,
ತಗ್ಗಿದ ದನಿಯಲ್ಲಿ,
ಒಂದು ಮುಚ್ಚಳ ಗುನುಗತೊಡಗಿತು.

ಇನ್ನು ಹತ್ತು ಸಾವಿರದ ಒಂಬೈನೂರ ಹತ್ತು ಮೀಟರು,
ಎಂದಿತು ನನ್ನ ತಲೆ, ಅಭ್ಯಾಸಬಲ.

“ಅದು ಯಾರ ಓಣಿ?” ಎಂದು ಎದ್ದಳು ಅವಳು,
ಕೊಡ ಸೊಂಟಕ್ಕೇರಿಸಿ.