ಅಳತೆ ಆಮೇಲೆ

ಸೆಕ್ರೆಟರಿ ಉಮ್ಮರ್ ತಂದುಕೊಟ್ಟದ್ದು
ಎರಡೂವರೆ ಮೀಟರ್ ನೀಲಿ ಬಟ್ಟೆ, ಒಂದು ಬಿಳಿ ಜಿಪ್ಪು,
ಬೀಡಿ ಕಟ್ಟಿನ ಕಾಗದದ ಹಿಂದೆ ಒಂದೇ ಸಾಲು:
ಬೆನ್ನಿಗೆ ‘ಕೋಚ್’ ಅಂತ ದೊಡ್ಡದಾಗಿ. ಅಳತೆ ಆಮೇಲೆ.

ಆಮೇಲೆ ಅಂದರೆ ಯಾವಾಗ, ನಾನು ಕೇಳಲಿಲ್ಲ.
ನೆಲ್ಯಹುದಿಕೇರಿಯಲ್ಲಿ ಟೈಲರ್ ಕೇಳುವುದು
ತೋಳು ಪೂರ್ತಿಯೋ ಅರ್ಧವೋ, ಅಷ್ಟೇ.

ಆ ಸಂಜೆಯಿಂದ ಊರಿನ ಅಂಗಿಗಳಿಗೆಲ್ಲ
ಒಮ್ಮೆಗೇ ಗುಂಡಿ ಉದುರತೊಡಗಿತು.

ಮೀನಿನ ಸೈದಲವಿ ಬಂದ, ಕಾಲರ್ ತಿರುಗಿಸಲು.
ಕಣ್ಣು ಮಾತ್ರ ನನ್ನ ಟೇಪಿನ ಮೇಲೆ.
“ಕಣ್ಣೂರಿನವನಂತೆ ಅಕ್ಕಾ, ಪೊಲೀಸ್ ಟೀಮಿಗೆ ಆಡಿದವನು.
ಮತ್ತಿ ಇಳಿಸುವಾಗ ಲಾರಿ ಡ್ರೈವರೇ ಹೇಳಿದ.”
“ಎಲ್ಲಿಯ ಕಣ್ಣೂರು!” ಇದು ಸುಬೇದಾರ್ ಬೆಳ್ಯಪ್ಪ,
ಸರಿಯಾಗಿಯೇ ಇದ್ದ ಪ್ಯಾಂಟಿನ ಸೊಂಟ ಬಿಡಿಸಲು ಬಂದವರು.
“ಮಿಲಿಟರಿಯವ ಬೇಕು. ಈ ಹುಡುಗರನ್ನು
ಐದು ಗಂಟೆಗೆ ಎಬ್ಬಿಸಿ ಓಡಿಸದೆ ಕಾಲು ಬರುವುದಿಲ್ಲ.”
ಅವರು ಜೀವಮಾನವಿಡೀ ಆಡಿದ್ದು ಹಾಕಿ.
ಆ ಮಾತನ್ನು ಯಾರೂ ಎತ್ತಲಿಲ್ಲ.

ಲೈನ್ ಮನೆಯ ಜ್ಞಾನಪ್ರಕಾಶ ಮೆಲ್ಲಗೆ ಅಂದ:
“ಯಾರಾದರೂ ಬರಲಿ. ಸಂಬಳ ಯಾರು ಕೊಡುತ್ತಾರೆ?”
ಅದಕ್ಕೆ ಸ್ವಲ್ಪ ಹೊತ್ತು
ನನ್ನ ಮಿಷನ್ ಒಂದೇ ಉತ್ತರ ಹೇಳುತ್ತಿತ್ತು.

ಹೋದ ವಾರ ಗ್ರೌಂಡಿಗೆ ಆನೆ ಇಳಿದಿತ್ತು,
ಪೆನಾಲ್ಟಿ ಬಾಕ್ಸಿನಲ್ಲಿ ಮೊರದಗಲದ ನಾಲ್ಕು ಗುಳಿ.
“ಅದನ್ನೇ ಇಟ್ಟುಕೊಳ್ಳಿ,” ಆಟೋದ ಕುಂಞಿಮೋನು ನಕ್ಕ,
“ಡಿಫೆನ್ಸ್ ಆದರೂ ಗಟ್ಟಿಯಾಗಲಿ.”

ದೊಡ್ಡ ಸೈಜಿಗೇ ಕತ್ತರಿಸಿದೆ.
ದೊಡ್ಡದನ್ನು ಹಿಡಿಯಬಹುದು, ಚಿಕ್ಕದನ್ನು ಬೆಳೆಸಲಾಗದು.
ಹ್ಯಾಂಗರಿಗೆ ಹಾಕಿ, ಚಹಾ ಕುಡಿದು ಬರುವಷ್ಟರಲ್ಲಿ
ಕನ್ನಡಿಯ ಮುಂದೆ ಸೈದಲವಿ, ನೀಲಿಯ ಒಳಗೆ,
ಗಲ್ಲ ಎತ್ತಿ, ಯಾರನ್ನೋ ಹೊರಗೆ ಕರೆದು
ಯಾರನ್ನೋ ಒಳಗೆ ಕಳಿಸುತ್ತಿದ್ದಾನೆ ಬೆರಳಿನಲ್ಲೇ.
“ಜಿಪ್ಪು ಸರಿ ಉಂಟಾ ನೋಡಿದೆ,” ಅಂದ.
ಮರುದಿನ ಬೆಳ್ಯಪ್ಪನವರೂ ಜಿಪ್ಪು ನೋಡಿದರು.
ಕುಂಞಿಮೋನು ಫೋಟೋ ತೆಗೆಸಿಕೊಂಡ.
ಜ್ಞಾನಪ್ರಕಾಶ ಒಂದು ತೋಳು ಮಾತ್ರ ತೂರಿಸಿ, ತೆಗೆದ.
ಶುಕ್ರವಾರದ ಹೊತ್ತಿಗೆ ಕಾಲರಿನಲ್ಲಿ
ಮೀನು, ಬೀಡಿ, ಮಂಡಿನೋವಿನ ಎಣ್ಣೆ, ಕಾಫಿ ಹಣ್ಣಿನ ಹುಳಿ.
ಊರಿಗೆ ಊರೇ ಕೋಚ್.

ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ
ದೇವಸ್ಯ ಮಾಷ್ ಬಂದರು.
ಹನ್ನೊಂದು ವರ್ಷ. ಆಮೇಲೆ ಒಂದು ಸೆಮಿಫೈನಲ್, ಐದು ಪೆನಾಲ್ಟಿ.
ಕಂಕುಳಲ್ಲಿ ಪೇಪರು ಸುತ್ತಿದ ಹಳೇ ಜಾಕೆಟ್.
“ಅಕ್ಷರ ಬಿಚ್ಚಿಕೊಡಬೇಕಿತ್ತಲ್ಲ.
ಬೆಳಿಗ್ಗೆ ಮೆಣಸು ಕೊಯ್ಯಲು ಹೋಗುವಾಗ ಚಳಿ,
ಹಾಕಿಕೊಳ್ಳೋಣ ಅಂತ. ಇದು ಇದ್ದರೆ
ಹುಡುಗರಿಗೆ ಮುಜುಗರ.”
ಹ್ಯಾಂಗರಿನ ಕಡೆ ನೋಡಲಿಲ್ಲ.
ಇಡೀ ವಾರದಲ್ಲಿ ‘ಯಾರಂತೆ’ ಎಂದು ಕೇಳದವರು
ಅವರೊಬ್ಬರೇ.

ಬ್ಲೇಡಿನ ತುದಿಯಿಂದ ಹೊಲಿಗೆ ಒಂದೊಂದೇ ಎತ್ತಿದೆ.
ನಾನೇ ಹಾಕಿದ್ದು, ಎರಡೆರಡು ಸಲ ಓಡಿಸಿದ್ದು,
ಸುಲಭಕ್ಕೆ ಬರಲಿಲ್ಲ.
‘ಕೋ’ ಬಂತು. ‘ಚ್’ ಬಂತು.
ನೂಲಿನ ಚೂರು ಊದಿ ಬೆಳಕಿಗೆ ಹಿಡಿದರೆ
ಬಿಸಿಲು ತಿಂದು ತಿಂದು ಬೆನ್ನೆಲ್ಲ ಬೂದಿ,
ಅಕ್ಷರ ಇದ್ದಲ್ಲಿ ಮಾತ್ರ
ಹೊಸ ಥಾನಿನ ನೀಲಿ.
ಮೊದಲಿಗಿಂತ ಸ್ಪಷ್ಟ.

ಹೇಳಬೇಕಿತ್ತೇನೋ. ಮಡಿಸಿ ಕೊಟ್ಟೆ.
ಅಲ್ಲೇ ಬಿಡಿಸಿ ಹಾಕಿಕೊಂಡು ಹೊರಟರು, ಸೇತುವೆಯ ಕಡೆಗೆ.
ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ
ಮುಂದಿನವನು ಯಾರೆಂದು ಜಗಳಾಡುತ್ತಿದ್ದ ಹುಡುಗರು
ಅವರು ದಾಟಿ ಹೋದ ಮೇಲೆ ಬಾಯಿ ಮುಚ್ಚಿದ್ದು
ನನ್ನ ಬಾಗಿಲಿನವರೆಗೂ ಕೇಳಿಸಿತು.

ಉಮ್ಮರ್ ಇನ್ನೂ ಅಳತೆ ತಂದಿಲ್ಲ.
ಹೊಸದು ಹಾಗೇ ತೂಗುತ್ತಿದೆ, ಹಿಡಿಯದೆ, ದೊಡ್ಡದಾಗಿಯೇ.