ಶೇಕಡಾ ಇಪ್ಪತ್ತೆರಡು

ಡಾಕ್ಟರು ಬರದುಕೊಟ್ಟಾರ: ಬಲಗಾಲು, ಶೇಕಡಾ ಇಪ್ಪತ್ತೆರಡು.
ಹೊಲಿಗಿ ಮಷಿನ್ನಿನ ಪೆಡಲಿಗೆ ಈ ಲೆಕ್ಕ ತಿಳಿಯೂದಿಲ್ಲ,
ನೂರಕ್ಕ ನೂರು ಕಾಲು ಬೇಕು ಅದಕ್ಕ.

"ಜೋರ ಓಡಿಸಿದಾ ಅನ್ನಬೇಕು, ನೀಲವ್ವಾ,
ಅವನ ತಪ್ಪಾದರಽ ವಿಮಾದವರು ಕೊಡತಾರ"
ವಕೀಲರು ಮೆಟ್ಟಲ ಮ್ಯಾಲೆ ನಿಂತು ಉರು ಹೊಡಿಸಿದರು.

ಜೋರಽ ಹೊಂಟಿದ್ದ, ಖರೆ.
ಉಣಕಲ್ ಕೆರಿ ದಾಟೂತನಕ ಮೊಬೈಲಿನ್ಯಾಗ ಒಂದು ಕಣ್ಣು,
ಮುಂದಿನ ಬಾಡಿಗಿ ಟಿಣ್ ಟಿಣ್ ಅಂತಿತ್ತು.
ಆದರ ಬಿದ್ದಮ್ಯಾಲೆ
ತನ್ನ ಜಾಕೀಟು ಮಡಚಿ ನನ್ನ ತಲಿ ಕೆಳಗ ಇಟ್ಟಾಂವನೂ ಅವನಽ,
ತರಚಿದ ಮೊಣಕೈಲೆ.

ಕಟಕಟಿ ಹತ್ತಲಿಕ್ಕೆ ಮೂರು ಪಾವಟಿಗಿ.
ಎರಡನೇದಕ್ಕ ಕಾಲು ತಡವರಿಸಿತು.
ಎದುರಿನ ಬೆಂಚಿನಿಂದ ರಾಜೇಸಾಬ ಎದ್ದಽ ಬಿಟ್ಟ,
ಕೈ ಮುಂದ ಮಾಡಿ.

"ಕೂಡ್ರಿ" ಅಂದರು ಸಾಹೇಬರು.
ನನಗೋ, ಅವಗೋ.